ಮೋರೇರ ಗುಡ್ಡಕ್ಕೆ ಉಪವಾಸದವರಿಗೆ ಪ್ರವೇಶವಿಲ್ಲ

ಗಡಿ

ನಾನು ಪರದೇಶಕ್ಕೆ ಹೋಗಿ ಬಂದೆ ಎಂದರೆ ಧಾರವಾಡದ ನಮ್ಮ ಓಣಿಯಲ್ಲಿ ಯಾರೂ ನಂಬುವುದಿಲ್ಲ. ಹಡಗು ಹತ್ತಲಿಲ್ಲ, ಸಮುದ್ರ ದಾಟಲಿಲ್ಲ, ಹೋದದ್ದು ಅಕ್ಕನ ಮನೆಗೆ. ಆದರೆ ಅಕ್ಕನ ಮನೆ ಇರುವುದು ಸುರಪುರದಲ್ಲಿ, ಸುರಪುರ ಇರುವುದು ನಿಜಾಮರ ರಾಜ್ಯದಲ್ಲಿ. ಅಲ್ಲಿ ನಾಣ್ಯ ಬೇರೆ, ಅಂಚೆಚೀಟಿ ಬೇರೆ, ಕಚೇರಿಯ ಭಾಷೆ ಬೇರೆ, ಗಡಿಯಲ್ಲಿ ನಮ್ಮ ಪೆಟ್ಟಿಗೆ ಬಿಚ್ಚಿಸುವುದಕ್ಕೆ ಒಬ್ಬ ಸುಂಕದವನು ಬೇರೆ. ಪರದೇಶಕ್ಕೆ ಇನ್ನೇನು ಎರಡು ಕೋಡು ಇರಬೇಕೇ?

ತುಂಗಭದ್ರೆಯ ಸೇತುವೆ ದಾಟಿದ ಮೇಲೆ ಆ ಸುಂಕದವನು ರೈಲಿನ ಡಬ್ಬಿ ಹತ್ತಿದ. ನನ್ನ ಟ್ರಂಕಿನಲ್ಲಿ ಸೀರೆಗಳು, ಅಕ್ಕನಿಗೆಂದು ಅವ್ವ ಕೊಟ್ಟ ಹಪ್ಪಳ, ಒಂದು ದೊಡ್ಡ ಪೊಟ್ಟಣ ಫೇಡೆ. ಹಪ್ಪಳವನ್ನು ಬೆಳಕಿಗೆ ಹಿಡಿದು ನೋಡಿ ಬಿಟ್ಟ. ಪೊಟ್ಟಣ ಬಿಚ್ಚಿ, "ಇದೇನ್ರಿ?" ಎಂದ.

"ಫೇಡೆ."

"ಫೇಡೆ ಅಂತ ನೀವ ಅಂತೀರಿ. ನಮಗ ಹೆಂಗ ಗೊತ್ತಾಗಬೇಕ್ರಿ?"

ಒಂದನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ತನಿಖೆ ಮಾಡಿದ. ಸಂಶಯ ಪರಿಹಾರವಾಗಲಿಲ್ಲ. ಪಕ್ಕದ ಡಬ್ಬಿಯಿಂದ ತನ್ನ ಜೊತೆಯವನನ್ನು ಕರೆದ, ಅವನ ಅಭಿಪ್ರಾಯವನ್ನೂ ಪಡೆದ. ಅಕ್ಕನಿಗೆ ಫೇಡೆ ಎಂದರೆ ಪ್ರಾಣ, ಎಷ್ಟೋ ವರ್ಷದ ಮೇಲೆ ಹೋಗುತ್ತಿದ್ದೇನೆ ಎಂದು ನಾನು ಹೇಳತೊಡಗಿದೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆಯನ್ನು ಶಾಲೆಯಲ್ಲಿ ವರ್ಷವರ್ಷವೂ ಹುಡುಗಿಯರಿಗೆ ಬಿಡಿಸಿ ಹೇಳುವವಳು ನಾನು. ಅದರ ಅರ್ಥ ನನಗೇ ಪೂರ್ತಿ ತಿಳಿದದ್ದು ಅವತ್ತು. ಪೊಟ್ಟಣ ಅರ್ಧಕ್ಕಿಳಿದ ಮೇಲೆ "ಬರೋಬ್ಬರಿ, ಫೇಡೇನ" ಎಂದು ತೀರ್ಪಾಯಿತು.

ಯಾದಗಿರಿ

ಯಾದಗಿರಿಯಲ್ಲಿ ಇಳಿದಾಗ ಕೋಟೆಗುಡ್ಡದ ಬಂಡೆಗಳು ಬಿಸಿಲಿಗೆ ರೊಟ್ಟಿಯ ಹಂಚಿನ ಹಾಗೆ ಕಾದಿದ್ದವು. ಶಹಾಪುರದ ಕಡೆಗೆ ಹೋಗುವ ಬಸ್ಸು "ಈಗ ಬರತದ್ರಿ" ಎಂದು ಎಲ್ಲರೂ ಹೇಳಿದರು. ಈ ರಾಜ್ಯದ 'ಈಗ' ಬಹಳ ವಿಶಾಲವಾದದ್ದು. ಅದರೊಳಗೆ ನಾನು ಟ್ರಂಕಿನ ಮೇಲೆ ಕೂತು ತೂಕಡಿಸಿ, ಬಳಿಚಕ್ರದಿಂದ ಬಂದಿದ್ದ ಒಬ್ಬ ಹೆಂಗಸಿನ ಗೆಳೆತನ ಮಾಡಿ, ಅವಳ ಜೊತೆ ಜಗಳವಾಡಿ, ರಾಜಿಯನ್ನೂ ಮಾಡಿಕೊಂಡೆ.

"ಗಂಡ ಎಲ್ಲದಾನ್ರಿ?" ಎಂಬುದು ಅವಳ ಮೊದಲನೆಯ ಪ್ರಶ್ನೆ.

"ಮದುವೆ ಆಗಿಲ್ಲ."

"ಯಾಕ? ಮಾರಿ ನೆಟ್ಟಗೈತಲ್ಲ!"

ಧಾರವಾಡದಲ್ಲಿಯೂ ಇದನ್ನೇ ಕೇಳುತ್ತಾರೆ, ಆದರೆ ನನ್ನನ್ನಲ್ಲ. ನಾನು ಎದ್ದು ಒಳಗೆ ಹೋದ ಮೇಲೆ ಅವ್ವನನ್ನು ಕೇಳುತ್ತಾರೆ, ದನಿ ತಗ್ಗಿಸಿ. ಎದುರಿಗೇ ಕೇಳಿಸಿಕೊಂಡದ್ದು ನನಗೆ ಹಾಯೆನಿಸಿತು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತೇನೆ ಎಂದಾಗ ಅವಳು, "ಸಾಲಿ ಕಲಿಸೋ ಅಕ್ಕೋರು ಗಂಡನ್ನ ಮಾಡಿಕೋಬಾರದಂತ ಸರಕಾರದ ಹುಕುಂ ಐತೇನು?" ಎಂದು ಕೇಳಿದಳು. ಇಲ್ಲಿಯವರೆಗೆ ಸರಿ. ಅವಳು ಬುತ್ತಿ ಬಿಚ್ಚಿ ಸಜ್ಜಿ ರೊಟ್ಟಿಯ ಅರ್ಧವನ್ನು ನನ್ನ ಮುಂದೆ ಹಿಡಿದಾಗ ನಾನು ಸಂಕೋಚದಿಂದ ಬೇಡ ಎಂದೆ. ಅದಕ್ಕೇ ಜಗಳವಾದದ್ದು. ಮಾರಿ, ಮದುವೆ ಎಲ್ಲವನ್ನೂ ಬಿಟ್ಟು ಅವಳು ನನಗೆ ಬೆನ್ನು ತಿರುಗಿಸಿ ಕೂತಳು. ಕೊನೆಗೆ ನಾನೇ ಕೈಚಾಚಿ ರೊಟ್ಟಿ ಇಸಿದುಕೊಂಡೆ. ಆಮೇಲೆ ಬಸ್ಸೂ ಬಂತು.

ಶಹಾಪುರ

ಲಢಾಯಿಯ ಕಾಲ, ಪೆಟ್ರೋಲಿಲ್ಲ. ಬಸ್ಸಿನ ಬೆನ್ನಿಗೆ ಒಂದು ಒಲೆ ಕಟ್ಟಿ ಇದ್ದಿಲಿನ ಹೊಗೆಯಿಂದ ಓಡಿಸುತ್ತಿದ್ದರು. ಭೀಮೆಯನ್ನು ದಾಟಿ ಶಹಾಪುರ ಮುಟ್ಟುವಷ್ಟರಲ್ಲಿ ಒಲೆ ಆರಿತು. ಡ್ರೈವರು ಇಳಿದು ಬೂದಿ ಕೆದರತೊಡಗಿದ. ನಾವೆಲ್ಲ ಇಳಿದು ಗುಡ್ಡ ನೋಡುತ್ತ ನಿಂತೆವು.

ಶಹಾಪುರದ ಗುಡ್ಡ ನೋಡತಕ್ಕದ್ದೇ. ಹಣೆ, ಮೂಗು, ಎದೆ, ಹೊಟ್ಟೆ ಎಲ್ಲ ಬಿಡಿಬಿಡಿಯಾಗಿ ಕಾಣುವ ಹಾಗೆ ಒಬ್ಬ ಮನುಷ್ಯ ಮಲಗಿದಂತೆ ಇದೆ. ಮಲಗಿದವನು ಯಾರು ಎನ್ನುವುದರ ಮೇಲೆ ಪ್ರಯಾಣಿಕರಲ್ಲಿ ಎರಡು ಪಕ್ಷವಾದವು. ಒಬ್ಬ ಮುದುಕ ದೇವರೆಂದ. ಒಬ್ಬ ಅರಿವೆ ವ್ಯಾಪಾರಿ, "ದೇವರಲ್ಲ, ಪಹರೆದಾರ. ಕಾಯ್ರಿ ಅಂತ ನಿಂದರಿಸ್ಯಾರ, ಮಕ್ಕೊಂಡಾನ" ಎಂದ. ಗುಡ್ಡದ ಒಂದು ಮೂಲೆಯಲ್ಲಿ ಸಡಕಿಗಾಗಿ ಕಲ್ಲು ಒಡೆಯುವ ಸದ್ದು ಕೇಳುತ್ತಿತ್ತು. ವ್ಯಾಪಾರಿ ಆ ಕಡೆ ಗದ್ದ ತೋರಿಸಿ, "ಕಾಲಬೆರಳು ಕಡದು ಒಯ್ಯಾಕತ್ತಾರ. ಇನ್ನೂ ಎಚ್ಚರಾಗಿಲ್ಲ ನೋಡ್ರಿ" ಎಂದ. ಎಲ್ಲರೂ ನಕ್ಕೆವು.

ಸುರಪುರ

ಅಕ್ಕನ ಗಂಡ ಸುರಪುರದ ತಹಶೀಲ ಕಚೇರಿಯಲ್ಲಿ ಪೇಶಕಾರರು. ಸಾಹೇಬರ ಮುಂದೆ ಕಾಗದ ಓದಿ ಹೇಳುವುದು, ಹುಕುಂ ಬರೆದುಕೊಳ್ಳುವುದು ಅವರ ಕೆಲಸ. ಹೊರಗೆ ಹೋಗುವಾಗ ಶೇರವಾನಿ, ಗೊಂಡೆಯ ರೂಮಿ ಟೊಪ್ಪಿಗೆ. ಮನೆಗೆ ಬಂದೊಡನೆ ಅವನ್ನು ಗೂಟಕ್ಕೆ ಹಾಕಿ, ತಣ್ಣೀರು ಸುರುವಿಕೊಂಡು, ಮಡಿ ಉಟ್ಟು ನಿಲ್ಲುತ್ತಾರೆ. ಕಚೇರಿಯಲ್ಲಿ ಉರ್ದು, ದೇವರ ಮನೆಯಲ್ಲಿ ಸಂಸ್ಕೃತ, ಅಕ್ಕನ ಮುಂದೆ ಮೌನ. ಪರರ ಮನೆಯ ಅನ್ನವಿರಲಿ, ಪರರ ಮನೆಯ ಬಾವಿಯ ನೀರನ್ನೂ ಮುಟ್ಟುವವರಲ್ಲ.

ನಾನು ಹೋದಾಗ ಭಾವ ಬಹಳ ಗಡಿಬಿಡಿಯಲ್ಲಿದ್ದರು. ಕೃಷ್ಣೆಯ ಕಡೆಗೆ, ಒಂದು ಹಳ್ಳಿಯ ಪಕ್ಕದಲ್ಲಿ ಮೋರೇರ ಗುಡ್ಡ ಎಂದು ಒಂದಿದೆ. ಎಂದೋ ಹಿಂದಿನ ಕಾಲದ ಮಂದಿ ಕಟ್ಟಿದ ಕಲ್ಲಿನ ಮನೆಗಳು ಅದರ ಮೇಲಿವೆ ಎಂದು ಜನ ಹೇಳುತ್ತಾರೆ. ತಹಶೀಲದಾರ ಸಾಹೇಬರಿಗೆ ಹೈದರಾಬಾದಿನಿಂದ ದೊಡ್ಡ ದೊಡ್ಡ ಗೆಳೆಯರು ಬರುವವರಿದ್ದರು. ಅವರನ್ನು ಮೋಟಾರಿನಲ್ಲಿ ಗುಡ್ಡದ ತುದಿಯವರೆಗೆ ಒಯ್ದು ಆ ಮನೆಗಳನ್ನು ತೋರಿಸಬೇಕೆಂದು ಸಾಹೇಬರ ಆಸೆ. ಅದಕ್ಕೆ ಸಡಕು ಬೇಕು, ಸಡಕಿನ ನಡುವಿನ ಹಳ್ಳಗಳಿಗೆ ಮೋರಿ ಬೇಕು, ಮೋರಿಗೆ ದೊಡ್ಡ ಚಪ್ಪಡಿ ಬೇಕು.

"ಚಪ್ಪಡಿ ಎಲ್ಲಿಂದ ತರತೀರಿ?" ಎಂದು ಕೇಳಿದೆ.

"ಅಲ್ಲೇ ಗುಡ್ಡದ ಮ್ಯಾಲೆ ಬೇಕಾದಷ್ಟು ಬಿದ್ದಾವಲ್ಲ. ಬರೇ ಹಾಸುಗಲ್ಲು. ನಾನೇ ಸಾಹೇಬರಿಗೆ ಹೇಳೀನಿ. ಸೋಮವಾರ ವಡ್ಡರು ಬರತಾರ."

"ಮನೆಗಳು?"

"ಮನೀನೂ ಇರಬಹುದು, ಅಲ್ಲೆ ಎಲ್ಲ್ಯರೆ."

"ನೀವು ನೋಡೀರೇನು?"

"ಕಲ್ಲು ಅಂದ್ರ ಕಲ್ಲು, ನೋಡೂದೇನದ ಅದರಾಗ?" ಎಂದು ಭಾವ ಮಡಿಯ ನೆಪ ಹೇಳಿ ಒಳಗೆ ಹೋದರು. ಪ್ರಶ್ನೆ ಕೇಳಿದಾಗ ನೀರು ಕುಡಿಯಲು ಹೋಗುವ ಹುಡುಗಿಯರನ್ನು ನಾನು ದಿನಾಲೂ ನೋಡುವವಳು. ಮರುದಿನ ಸಾಹೇಬರು ಗುಡ್ಡ ನೋಡಲು ಬರುವವರಿದ್ದರು, ಭಾವ ಮುಂದಾಗಿ ಗಾಡಿಯಲ್ಲಿ ಹೋಗಿ ಸಿದ್ಧತೆ ಮಾಡಬೇಕಾಗಿತ್ತು. ನಾನೂ ಬರುತ್ತೇನೆ ಎಂದು ಹಟ ಹಿಡಿದೆ. ಹೆಂಡತಿಯ ತಂಗಿಯ ಹಟವನ್ನು ಯಾವ ಸರಕಾರವೂ ಗೆದ್ದಿಲ್ಲ.

ಗುಡ್ಡದ ಬುಡ

ಹಳ್ಳಿ ಸಣ್ಣದು. ನದಿಯನ್ನು ನಂಬಿದ ಅಂಬಿಗರು, ಜೋಳ ಬಿತ್ತುವ ಒಕ್ಕಲಿಗರು. ಗಾಡಿ ಬೇವಿನ ಮರದ ಕೆಳಗೆ ನಿಂತೊಡನೆ ಭಾವ ತಮ್ಮ ಚಾಪೆ ಹಾಸಿ, ತಮ್ಮ ತಂಬಿಗೆ ಇಟ್ಟುಕೊಂಡು ಕೂತರು. ಅಂಬಿಗರ ನಿಂಗವ್ವ ಎಂಬ ಹಿರಿಯಳು ಬಂದು ಅವರನ್ನು ನೋಡಿ, ನನ್ನನ್ನು ನೋಡಿ, "ಪೇಶಕಾರ್ರದು ಇವತ್ತ ಏಕಾದಶಿ ಇರಬೇಕಲ್ಲ?" ಎಂದಳು.

"ಹೌದು," ಎಂದರು ಭಾವ, ಗಂಭೀರವಾಗಿ.

"ನೋಡವಾ," ಎಂದು ಅವಳು ನನಗೆ ಹೇಳಿದಳು, "ಮಂದಿಗೆಲ್ಲ ಏಕಾದಶಿ ತಿಂಗಳಿಗಿ ಎರಡ ಸಲ. ಇವರು ನಮ್ಮೂರಿಗಿ ಯಾವತ್ತ ಬರತಾರ, ಅವತ್ತ ಏಕಾದಶಿನ."

ಆಗ ತಿಳಿಯಿತು ನನಗೆ ಸಂಗತಿ. ಈ ಊರಿನಲ್ಲಿ ಒಂದು ಪದ್ಧತಿ ಇದೆ. ಗುಡ್ಡ ಹತ್ತುವವರು ಯಾರೇ ಆಗಲಿ, ಮೊದಲು ಊರಿನ ಯಾವುದಾದರೂ ಒಂದು ಮನೆಯಲ್ಲಿ ಕೂತು, ಆ ಮನೆಯ ಒಲೆಯ ಮೇಲೆ ಬೆಂದದ್ದನ್ನು ಉಪ್ಪು ಸಹಿತ ಉಣ್ಣಬೇಕು. ಹಾಲು ಹಣ್ಣು ನಡೆಯುವುದಿಲ್ಲ. ಯಾಕೆಂದರೆ ಮೋರೇರು ಎನ್ನುವವರು ಮೊಣಕಾಲೆತ್ತರದ ಸಣ್ಣ ಮಂದಿ. ಬೆಂಕಿಯ ಮಳೆ ಬೀಳುತ್ತದೆಂದು ಹೆದರಿ ಕಲ್ಲಿನ ಮನೆ ಕಟ್ಟಿಕೊಂಡು ಒಳಗೆ ಸೇರಿದರು. ಮಳೆಯೇನೋ ನಿಂತಿತು, ಆದರೆ ಅವರು ಬುತ್ತಿ ಒಯ್ಯುವುದನ್ನು ಮರೆತಿದ್ದರು. ಹಸಿದೇ ಸತ್ತರು.

"ಹಸದು ಸತ್ತೋರ ಮನಿಗಿ ಹಸಕೊಂಡು ಹೋಗಬಾರದು," ಎಂದಳು ನಿಂಗವ್ವ. "ಅವರಿಗಿ ಕೊಡಾಕ ಏನೂ ಇಲ್ಲ. ನಾಚಿಕಿ ಆಗತೈತಿ ಅವರಿಗಿ."

ಒಂದು ಒಲೆಗೆ ಒಬ್ಬರೇ ಅತಿಥಿ. ಊರಿನಲ್ಲಿ ಅವತ್ತು ಎಷ್ಟು ಒಲೆ ಹೊತ್ತಿವೆಯೋ ಅಷ್ಟೇ ಜನ ಗುಡ್ಡಕ್ಕೆ. ನಮ್ಮ ಭಾವ ಇಲ್ಲಿ ಉಣ್ಣುವವರಲ್ಲ. ಆದ್ದರಿಂದ ಅವರು ಎಷ್ಟೋ ವರ್ಷಗಳಿಂದ ಬೇವಿನ ಮರದ ಕೆಳಗೆ ಕೂತು, ಗುಡ್ಡದ ಕಡೆ ಒಮ್ಮೆ ಕಣ್ಣು ಹಾಯಿಸಿ, "ಬರೇ ಹಾಸುಗಲ್ಲು" ಎಂದು ಸಾಹೇಬರಿಗೆ ವರದಿ ಒಪ್ಪಿಸುತ್ತಿದ್ದರು.

ನನ್ನ ಮಡಿ ಹಾಸ್ಟೆಲಿನ ಸಾರಿನಲ್ಲಿ ಎಂದೋ ಕರಗಿಹೋಗಿತ್ತು. ನಿಂಗವ್ವನ ನೆರೆಮನೆಯ ಹಿಂದಿನ ಬಾಗಿಲಲ್ಲಿ ಕೂತು ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ ಹೊಟ್ಟೆ ಬಿರಿಯೆ ಉಂಡೆ. ಭಾವ ಮರದ ಕೆಳಗಿಂದ ನನ್ನನ್ನು ನೋಡಲಿಲ್ಲ ಎಂಬಂತೆ ನೋಡಿದರು.

ಗುಡ್ಡದ ಮೇಲೆ

ನಿಂಗವ್ವನ ಜೊತೆ ಮೇಲೆ ಹತ್ತಿ ನಿಂತಾಗ ಬಾಯಿ ತುಂಬ ಇದ್ದ ನನ್ನ ಹರಟೆ ನಿಂತುಹೋಯಿತು. ಹಾಸುಗಲ್ಲಲ್ಲ, ನಿಜವಾಗಿಯೂ ಮನೆಗಳು. ನಾಲ್ಕು ಕಡೆ ನಿಲ್ಲಿಸಿದ ಚಪ್ಪಡಿಯ ಗೋಡೆ, ಮೇಲೆ ಒಂದೇ ಕಲ್ಲಿನ ಮಾಳಿಗೆ, ಒಂದು ಗೋಡೆಯಲ್ಲಿ ದುಂಡಗೆ ಕೊರೆದ ಕಿಂಡಿ. ಸಾಲು ಸಾಲಾಗಿ, ಓಣಿ ಓಣಿಯಾಗಿ, ನಮ್ಮ ಮೊಣಕಾಲು ಸೊಂಟದ ಎತ್ತರದಲ್ಲಿ ಒಂದು ಊರೇ ನಿಂತಿತ್ತು. ಯಾರು ಕಟ್ಟಿದರೋ, ಯಾವ ಕಾಲವೋ. ಮನೆಯವರು ಈಗಷ್ಟೇ ನೀರಿಗೆ ಹೋಗಿದ್ದಾರೆ ಎನ್ನುವ ಹಾಗಿತ್ತು.

ಊರವರೇನು ಅದನ್ನು ಗಂಧ ಹಚ್ಚಿ ಪೂಜೆ ಮಾಡುತ್ತಿರಲಿಲ್ಲ. ಒಂದು ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗಿಸಿದ್ದರು. ಒಂದರೊಳಗೆ ಆಡಿನ ಮರಿ ಮಲಗಿತ್ತು. ಆದರೆ ಎಲ್ಲಿಯೂ ಒಂದು ಹೆಸರು ಕೆತ್ತಿರಲಿಲ್ಲ. ನಮ್ಮ ಹುಡುಗಿಯರನ್ನು ಹಳೆಯ ಗುಡಿಗೆ ಪ್ರವಾಸ ಕರೆದೊಯ್ದರೆ ನಾನು ಹಾಜರಿ ತೆಗೆದುಕೊಳ್ಳಬೇಕಾಗಿಲ್ಲ, ಕಂಬದ ಮೇಲೆ ಓದಿಕೊಂಡರೆ ಸಾಕು. ತಲೆಪಿನ್ನಿನಿಂದ ಅಷ್ಟು ಮುದ್ದಾಗಿ ಕೆತ್ತಿರುತ್ತಾರೆ.

ಆಮೇಲೆ ಸುಣ್ಣದ ಗುರುತು ಕಂಡಿತು. ಸಡಕಿನ ಕಂತ್ರಾಟದಾರನ ಮಂದಿ ಒಳ್ಳೊಳ್ಳೆಯ ಮಾಳಿಗೆಗಳನ್ನೇ ಆರಿಸಿ ಅವುಗಳ ಮೇಲೆ ಬಿಳಿಯ ಗೆರೆ ಎಳೆದಿದ್ದರು. ಸೋಮವಾರ ಏಳಬೇಕಾದ ಕಲ್ಲುಗಳು ಅವು. ಮನೆಗಳನ್ನು ನೋಡಲು ಸಡಕು, ಸಡಕಿಗೆ ಆ ಮನೆಗಳದೇ ಮಾಳಿಗೆ. ಮೋಟಾರು ಮೇಲೆ ಬಂದು ಮುಟ್ಟಿದಾಗ ನೋಡುವುದಕ್ಕೆ ಏನು ಉಳಿದಿರುತ್ತದೆ? ನನಗೆ ಸಿಟ್ಟು ಬಂತು, ಅಳುವೂ ಬಂತು.

"ಕಂತ್ರಾಟದಾರನ ಮಂದಿಗಿ ಉಣ್ಣಾಕ ನೀಡಿರಲಿಲ್ಲೇನು?" ಎಂದು ಕೇಳಿದೆ.

"ಅವರು ಉಣ್ಣಲಾರದ ಬಂದ್ರು, ಹಿಂದಿನ ದಾರಿಲೆ," ಎಂದಳು ನಿಂಗವ್ವ. "ನನ್ನ ಅತ್ತಿ, ಅಕಿ ಅತ್ತಿ, ಎಲ್ಲಾರೂ ಕಾದದ್ದು ಇದು. ಸರಕಾರ ಬಂದು ಎತ್ತಿದ್ರ ನಾ ಏನ ಅಡ್ಡ ಮಕ್ಕೊಳ್ಳೇನು?" ಅವಳ ದನಿ ಮೊದಲ ಸಲ ಸಣ್ಣದಾಯಿತು.

ಸಾಹೇಬರು

ನಾನು ಇಳಿದು ಬಂದು ಭಾವನಿಗೆ ಎಲ್ಲ ಹೇಳಿದೆ. ಅವರ ಮುಖ ಬಿಳಿಚಿತು. ಈಗ ನಿಜ ಹೇಳಬೇಕಾದರೆ ಇಷ್ಟು ವರ್ಷ ಹೇಳಿದ್ದು ಸುಳ್ಳೆಂದು ಒಪ್ಪಬೇಕು, ಸುಳ್ಳು ಹೇಳಿದ ಪೇಶಕಾರನನ್ನು ಯಾವ ಸಾಹೇಬ ಇಟ್ಟುಕೊಳ್ಳುತ್ತಾನೆ? ಸುಮ್ಮನಿದ್ದರೆ ಸೋಮವಾರ ಬರುತ್ತದೆ.

ಅಷ್ಟರಲ್ಲಿ ಸಾಹೇಬರ ಮೋಟಾರು ಬಂತು. ಮೋಟಾರು ತಾನಾಗಿ ಬರಲಿಲ್ಲ ಎನ್ನಬೇಕು, ಎರೆಮಣ್ಣಿನಲ್ಲಿ ಹೂತುಕೊಂಡದ್ದನ್ನು ಎರಡು ಜೋಡಿ ಎತ್ತು ಎಳೆದು ತಂದವು. ಸಾಹೇಬರು ಹೈದರಾಬಾದಿನ ಕಡೆಯವರು, ಗುಂಡಗಿನ ಆಳು, ಹರಕುಮುರುಕು ಕನ್ನಡವನ್ನು ಧೈರ್ಯದಿಂದ ಆಡುತ್ತಿದ್ದರು. ನಿಂಗವ್ವ ಎದುರಿಗೆ ಹೋಗಿ ಪದ್ಧತಿ ಹೇಳಿದಳು.

"ನನ್ನ ಗೆಳೆಯರು ಬಹಳ ಜನ ಬರತಾರೆ," ಎಂದರು ಸಾಹೇಬರು. "ಅವರು ಡಬ್ಬಿಯಲ್ಲಿ ತಮ್ಮ ಖಾನಾ ತರತಾರೆ. ನಿಮಗೆ ತಕಲೀಫ್ ಇಲ್ಲ."

"ಅವರ ಉಪ್ಪು ಅವರು ತಿಂದ್ರ ನಮ್ಮದೇನ ಋಣ ಉಳೀತ್ರಿ? ನಮ್ಮ ಉಪ್ಪು ತಿಂದವ್ರು ನಮ್ಮ ಗುಡ್ಡ ಕೆಡಸಂಗಿಲ್ಲ. ಅದಕ್ಕ ಉಣ್ಣಸತೀವಿ."

ಸಾಹೇಬರಿಗೆ ಹಸಿವೂ ಆಗಿತ್ತು. ನಿಂಗವ್ವನ ಎದುರುಮನೆಯಲ್ಲಿ ಮುತ್ತಲ ಎಲೆಯ ಮುಂದೆ ಕೂತರು. ಪುಂಡಿಪಲ್ಯದ ಹುಳಿಗೆ ಅವರ ಕಣ್ಣು ಅರಳಿದವು. ರೊಟ್ಟಿಯ ಮೇಲೆ ರೊಟ್ಟಿ ಇಳಿಯಿತು. ನಿಂಗವ್ವನ ಬಚ್ಚಲಲ್ಲಿ ಕೈತೊಳೆದು ಬಂದವರು ತಿರುಗಿ, "ಪೇಶಕಾರ್ ಸಾಬ್, ನೀವು?" ಎಂದರು.

"ನನಗೆ ಏಕಾದಶಿ, ಹುಜೂರ್."

ಇಂಥ ಹೊತ್ತಿಗೆ ಸುಮ್ಮನಿರುವುದು ಒಳ್ಳೆಯ ನಾದಿನಿಯ ಲಕ್ಷಣ. ನಾನು ಅಂಥವಳಲ್ಲ. "ಭಾವಾ, ಏಕಾದಶಿ ನಿನ್ನೆ ಆತಲ್ಲ. ಅಕ್ಕ ನಿನ್ನೆ ನಮಗೆಲ್ಲ ಅವಲಕ್ಕಿ ಕೊಟ್ಟಳು. ಇವತ್ತು ದ್ವಾದಶಿ, ಪಾರಣೆ ಬಿಟ್ಟರ ಪಾಪ ಬರತದ" ಎಂದೆ.

ಊರಿನ ಹೆಂಗಸರೆಲ್ಲ ಸೆರಗು ಬಾಯಿಗಿಟ್ಟುಕೊಂಡರು. ಭಾವ ನನ್ನನ್ನು ನೋಡಿದ ನೋಟದಲ್ಲಿ ಸಂಸ್ಕೃತವೂ ಇತ್ತು, ಉರ್ದುವೂ ಇತ್ತು. ಆದರೆ ಅವರು ಹೇಡಿಯಲ್ಲ. ಶೇರವಾನಿಯ ಗುಂಡಿ ಬಿಚ್ಚಿ, ನಿಂಗವ್ವನ ಮನೆಯಲ್ಲಿ ಎಲೆಯ ಮುಂದೆ ಕೂತು, ಕಣ್ಣು ಮುಚ್ಚಿ ಮೊದಲ ತುತ್ತು ಬಾಯಿಗಿಟ್ಟರು. ಎರಡನೆಯ ತುತ್ತಿಗೆ ಕಣ್ಣು ತೆರೆದರು. ಮೂರನೆಯದಕ್ಕೆ ನಿಂಗವ್ವನೇ ಕೇಳದೆ ಪಲ್ಯ ಬಡಿಸಿದಳು, ಅವರು ಬೇಡ ಎನ್ನಲಿಲ್ಲ.

ಗುಡ್ಡದ ಮೇಲೆ ಭಾವ ಮನೆಯಿಂದ ಮನೆಗೆ ಹೋದರು. ಒಂದರ ಕಿಂಡಿಯಲ್ಲಿ ಬಗ್ಗಿ ನೋಡಿದಾಗ ಅವರ ಟೊಪ್ಪಿಗೆ ಒಳಗೆ ಬಿತ್ತು, ಆಡಿನ ಮರಿ ಅದರ ಗೊಂಡೆಯನ್ನು ಅಗಿಯತೊಡಗಿತು. ಅವರು ಅದನ್ನು ತೆಗೆದುಕೊಳ್ಳಲೂ ಇಲ್ಲ. ಸಾಹೇಬರು ಸುಣ್ಣದ ಗೆರೆಯ ಮೇಲೆ ಬೆರಳಾಡಿಸಿ ಕೇಳಿದರು: "ಇದೇ ಏನು ಬರೇ ಹಾಸುಗಲ್ಲು?"

ಕಂತ್ರಾಟದಾರನ ತಪ್ಪು ಎಂದುಬಿಡಬಹುದಿತ್ತು. ಹಾಗೆ ಹೇಳಲು ಭಾವನ ತುಟಿ ಒಮ್ಮೆ ತೆರೆದದ್ದನ್ನು ನಾನು ಕಂಡೆ. ಉರ್ದುವಿನಲ್ಲಿ ಶುರುಮಾಡಿದವರು ನಡುವೆ ನಿಂತು ಕನ್ನಡಕ್ಕೆ ಬಂದರು. "ಹುಜೂರ್, ನಾನು ಇವತ್ತಿನ ತನಕಾ ಗುಡ್ಡಾ ಹತ್ತಿಲ್ಲ. ನೋಡಲಾರದ ಹೇಳೀನಿ. ಅವರದೇನೂ ತಪ್ಪಿಲ್ಲ, ನಂದೇ."

"ಯಾಕೆ ಹತ್ತಿಲ್ಲ?"

"ಹತ್ತಿದ್ರ ಉಣ್ಣಬೇಕಾಗತದ ಅಂತ."

ಸಾಹೇಬರು ಅವರನ್ನು ದಿಟ್ಟಿಸಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ತಡೆಯಲಾರದೆ ಒಂದು ಮಾಳಿಗೆಯ ಮೇಲೆ ಕೂರಲು ಹೋದಾಗ ನಿಂಗವ್ವ, "ಮ್ಯಾಲ ಕುಂದರಬ್ಯಾಡ್ರಿ! ಮನಿ ಅದು!" ಎಂದು ಕೂಗಿದಳು. ನಿಜಾಮರ ತಹಶೀಲದಾರರು ಸಟ್ಟನೆ ಎದ್ದು ನಿಂತರು.

"ನಮಕ್ ತಿಂದೆ," ಎಂದರು. "ಈಗ ಕಲ್ಲು ಹೇಗೆ ಎತ್ತಲಿ? ಸಡಕ್ ಬೇವಿನ ಗಿಡದ ಹತ್ರ ಬಂದ್. ಮುಂದೆ ಕಾಲು ನಡಿಗೆ." ಆಮೇಲೆ ನಿಂಗವ್ವನತ್ತ ತಿರುಗಿ ಕಣ್ಣು ಕಿರಿದು ಮಾಡಿ ಕೇಳಿದರು: "ನಿನ್ನ ಬಚ್ಚಲದಲ್ಲಿ ಒಂದು ದೊಡ್ಡ ಕಲ್ಲಿದೆ, ದುಂಡಗೆ ರಂಧ್ರ ಇದೆ ಅದರಲ್ಲಿ. ಅದು ಎಲ್ಲಿಂದ ಬಂತು?"

ನಿಂಗವ್ವ ಒಂದಿಷ್ಟೂ ತಡವರಿಸಲಿಲ್ಲ. "ನಮ್ಮ ಅತ್ತಿ ಮೋರೇರನ್ನ ಕೇಳಿ ತಂದಿದ್ಲ್ರಿ. ಅವರು ಬ್ಯಾಡ ಅನ್ನಲಿಲ್ಲ."

"ಕೇಳಿ ವಾಪಸ್ ಇಡು. ಬೇಡ ಅನ್ನೋದಿಲ್ಲ ಅವರು," ಎಂದರು ಸಾಹೇಬರು. ಅವಳು ಒಪ್ಪಿಕೊಂಡಳು, ಮುಖ ಹುಳ್ಳಗೆ ಮಾಡಿಕೊಂಡು. ಆದರೆ ಇಳಿಯುವಾಗ ಅವಳೂ ಒಂದು ಕೊಕ್ಕೆ ಇಟ್ಟಳು: "ಗೆಳೆಯರು ಯಾವತ್ತ ಬರತಾರ ಮೊದಲ ಹೇಳಿ ಕಳಸ್ರಿ. ಅವತ್ತ ಎಷ್ಟ ಒಲಿ ಹೊತ್ತಬೇಕು, ನಾವು ನೋಡತೀವಿ."

ಭಾವನ ಶಿಕ್ಷೆ ಬೇವಿನ ಮರದ ಕೆಳಗೆ ತೀರ್ಮಾನವಾಯಿತು. ನೌಕರಿ ಇರುತ್ತದೆ. ಆದರೆ ತಿಂಗಳಿಗೊಮ್ಮೆ ಪೇಶಕಾರರು ಖುದ್ದಾಗಿ ಇಲ್ಲಿಗೆ ಬಂದು, ಉಂಡು, ಗುಡ್ಡ ಹತ್ತಿ, ಎಲ್ಲ ಮನೆಗಳೂ ಸುರಕ್ಷಿತವಾಗಿವೆಯೆಂದು ಕಣ್ಣಾರೆ ನೋಡಿ ಬರಬೇಕು. ಉಣ್ಣದೆ ಬಂದರೆ ನೋಡಿಲ್ಲವೆಂದೇ ಲೆಕ್ಕ.

ಮತ್ತೆ ಸುರಪುರ

ಗಾಡಿಯಲ್ಲಿ ಭಾವ, ನಾನು ಎತ್ತಿಕೊಂಡು ಬಂದಿದ್ದ ಟೊಪ್ಪಿಗೆಯನ್ನು ತಿರುಗಿಸಿ ತಿರುಗಿಸಿ ನೋಡುತ್ತ ಕೂತರು. ಊರು ಹತ್ತಿರ ಬಂದಾಗ ಮಾತ್ರ, "ನಿಮ್ಮ ಅಕ್ಕಗ ಹ್ಯಾಂಗ ಹೇಳೂದು, ಗಂಗೂ?" ಎಂದರು. ಸಾಹೇಬರ ಮುಂದೆ ಕಾಣದಿದ್ದ ಹೆದರಿಕೆ ಆಗ ಅವರ ಮುಖದಲ್ಲಿತ್ತು. ನನಗೂ ಒಳಗೊಳಗೇ ಅಳುಕಾಯಿತು. ಒಂದು ಸಲವಾದರೆ ಮುಚ್ಚಿಡಬಹುದು, ತಿಂಗಳು ತಿಂಗಳೂ ಯಾರು ಮುಚ್ಚಿಡುತ್ತಾರೆ? ನನ್ನ ನಾಲಗೆಯ ತುರಿಕೆಯಿಂದ ಅಕ್ಕನ ಸಂಸಾರಕ್ಕೆ ಹುಳಿ ಹಿಂಡಿದೆನೇ ಎನಿಸಿತು.

ಅಕ್ಕ ಒಲೆಯ ಮುಂದೆ ಕೂತಿದ್ದಳು. ಭಾವ ಸ್ನಾನಕ್ಕೂ ಹೋಗದೆ, ಗೊಂಡೆಯಿಲ್ಲದ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದುಕೊಂಡು ಅಡಿಗೆಮನೆಯ ಹೊಸ್ತಿಲ ಹೊರಗೇ ನಿಂತರು.

"ಇವತ್ತ ನಾನು ಅಂಬಿಗರ ನಿಂಗವ್ವನ ಮನ್ಯಾಗ ಉಂಡೆ," ಎಂದರು. "ಇನ್ನ ಮ್ಯಾಲೆ ಪ್ರತಿ ತಿಂಗಳಾ ಉಣ್ಣಬೇಕಾಗೇದ."

ಅಕ್ಕ ತಿರುಗಲಿಲ್ಲ. ಕೈಯಲ್ಲಿದ್ದ ಸೌಟು ಮಾತ್ರ ನಿಂತಿತು.

"ಮಜ್ಜಿಗಿ ಕೊಟ್ಲೇನು?" ಎಂದಳು ಅಕ್ಕ. "ಅಕಿ ಬಳ್ಳೊಳ್ಳಿ ಜಜ್ಜಿ ಒಗ್ಗರಣಿ ಹಾಕತಾಳ. ಎಷ್ಟ ಸಲಾ ಮನ್ಯಾಗ ಮಾಡಬೇಕು ಅನಿಸೇದ, ನಿಮಗ ಅಂಜಿ ಬಿಟ್ಟೀನಿ."

ಭಾವ ಹೊಸ್ತಿಲ ಮೇಲೆ ಕುಸಿದು ಕೂತರು.

"ನೀವು ಊರೂರಿಗೆ ದೌರೆಕ್ಕ ಹೋದಾಗೆಲ್ಲ ಓಣಿ ಹೆಂಗಸರ ಜೋಡಿ ಗುಡ್ಡಕ್ಕ ಹೋಗತಿದ್ದೆ," ಎಂದು ಅಕ್ಕ ಸೌಟನ್ನು ಮತ್ತೆ ಆಡಿಸತೊಡಗಿದಳು. "ಮುಂದಿನ ತಿಂಗಳು ಗಾಡಿಯೊಳಗ ನನಗೂ ಜಾಗಾ ಇಡ್ರಿ. ಕದ್ದು ಉಂಡದ್ದು ಸಾಕಾತು."